ಹದಿಮೂರು ಕಂತುಗಳ ವೀರ

ಕಾಲಿಗೆರಗಿದವರನ್ನು ‘ನೂರು ಕಾಲ ಬಾಳು’ ಎಂದು ಹರಸುವುದು ನಮ್ಮ ನಾಡಿನಲ್ಲಿ ನಡೆದುಬಂದ ವಾಡಿಕೆ. ಮನುಷ್ಯರ ಮಟ್ಟಿಗೆ ಈ ಹರಕೆ ಒಪ್ಪತಕ್ಕದ್ದೇ. ಆದರೆ ಕತೆಗಳಿಗೂ ಇದೇ ಹರಕೆಯನ್ನು ಕೊಡಬೇಕೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ. ಈಗಿನ ಧಾರಾವಾಹಿಗಳಿಗೆ ಸಾವೆಂಬುದೇ ಇಲ್ಲ. ಸಾವಿರ ಕಂತು ದಾಟಿದ ದಿನ ಕಲಾವಿದರೆಲ್ಲ ಸೇರಿ ಕೇಕು ಕತ್ತರಿಸುತ್ತಾರೆ. ಮರುದಿನ ಸಾವಿರದ ಒಂದನೆಯದು ಮೊದಲಾಗುತ್ತದೆ. ನೋಡುವವರಿಗೆ ಮುಪ್ಪು ಬರಬಹುದು, ಕತೆಗೆ ಬಾರದು. ದೊಡ್ಡವರ ವಿಚಾರ ಹೇಗಾದರೂ ಇರಲಿ. ಮಕ್ಕಳ ಕತೆಗಳ ವಿಷಯದಲ್ಲಿ ಅಲ್ಪಾಯುಸ್ಸು ದೋಷವಲ್ಲ, ಒಂದು ಗುಣ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ನಾನು ಕರೆಯುವುದು 13 ಕಂತು ಮಾತ್ರ ಬದುಕಿದ ಒಬ್ಬ ವೀರನನ್ನು. ಅವನ ಹೆಸರು ‘ಸ್ಟ್ರೀಟ್ ಹಾಕ್’. ಕನ್ನಡದಲ್ಲಿ ಹೇಳುವುದಾದರೆ ಬೀದಿಯ ಗಿಡುಗ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಹೆಸರನ್ನು ಕೇಳಿರಲಾರರು. ಆದುದರಿಂದ ಅವನ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಈ ಧಾರಾವಾಹಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1985ರ ಜನವರಿ 4ರಂದು ಹುಟ್ಟಿತು. ಅದೇ ವರ್ಷದ ಮೇ 16ರಂದು ಕಣ್ಣು ಮುಚ್ಚಿತು. ಐದು ತಿಂಗಳೂ ತುಂಬದ ಆಯುಸ್ಸು. ಕತೆ ಸರಳವಾದುದು. ಜೆಸ್ಸಿ ಮ್ಯಾಕ್ ಎಂಬವನು ಲಾಸ್ ಏಂಜಲೀಸ್ ನಗರದ ಪೊಲೀಸು. ಮೋಟಾರ್ ಸೈಕಲ್ ಓಡಿಸುವುದರಲ್ಲಿ ನಿಸ್ಸೀಮ. ಕರ್ತವ್ಯದ ಮೇಲಿದ್ದಾಗ ಕಾಲಿಗೆ ಪೆಟ್ಟಾಗಿ, ಬೀದಿಯನ್ನು ಬಿಟ್ಟು ಕಚೇರಿಯ ಮೇಜಿನ ಮುಂದೆ ಕೂರುವ ಪಾಡು ಅವನಿಗೆ ಒದಗುತ್ತದೆ. ಆಗ ಸರ್ಕಾರದ ಗುಪ್ತ ಯೋಜನೆಯೊಂದರವರು ಬಂದು, ‘ನಿನ್ನ ಕಾಲನ್ನು ನಾವು ಸರಿಪಡಿಸಿಕೊಡುತ್ತೇವೆ, ನಮ್ಮ ಹೊಸ ವಾಹನವನ್ನು ನೀನು ಓಡಿಸಿಕೊಡು’ ಎಂದು ಕರಾರು ಮಾಡಿಕೊಳ್ಳುತ್ತಾರೆ. ಆ ವಾಹನವೇ ಕಪ್ಪು ಬಣ್ಣದ ಒಂದು ಮೋಟಾರ್ ಸೈಕಲ್. ಅದರ ಪರಮವೇಗ ಗಂಟೆಗೆ 300 ಮೈಲಿ, ಎಂದರೆ ಸುಮಾರು 480 ಕಿಲೋಮೀಟರು. ಅಂದಿನಿಂದ ಜೆಸ್ಸಿ ಲೋಕದ ಕಣ್ಣಿಗೆ ಕಚೇರಿಯ ಒಬ್ಬ ನೌಕರ; ಕಪ್ಪು ಉಡುಪು, ಕಪ್ಪು ಹೆಲ್ಮೆಟ್ ಧರಿಸಿ ಹೊರಟನೆಂದರೆ ಹೆಸರಿಲ್ಲದ ವೀರ. ಈ ರಹಸ್ಯವನ್ನು ಬಲ್ಲವನು ಒಬ್ಬನೇ. ಅವನು ನಾರ್ಮನ್ ಟಟಲ್, ಆ ವಾಹನವನ್ನು ರೂಪಿಸಿದವನು. ಪುಕ್ಕಲ ಸ್ವಭಾವದ ಈ ಮನುಷ್ಯ ಕೋಣೆಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದಾರಿ ತೋರಿಸುತ್ತಾನೆ, ವೇಗವನ್ನು ಬಿಡುಗಡೆ ಮಾಡುತ್ತಾನೆ, ನಡುನಡುವೆ ಬುದ್ಧಿ ಹೇಳುತ್ತಾನೆ.

ಹಾರಲಾರದವನು, ಗೋಡೆ ಒಡೆಯಲಾರದವನು ಅತಿಮಾನುಷ ವೀರ ಹೇಗಾದಾನು ಎಂದು ಕೆಲವರು ಕೇಳಬಹುದು. ವೀರನಿಗೆ ಬೇಕಾದುದು ಎರಡು: ಲೋಕಕ್ಕೆ ತಿಳಿಯದ ಇನ್ನೊಂದು ರೂಪ, ಲೋಕದವರಿಗಿಲ್ಲದ ಒಂದು ಶಕ್ತಿ. ಇವೆರಡೂ ಇವನಲ್ಲಿ ಇದ್ದವು. ಜೆಸ್ಸಿಯ ಪಾತ್ರವನ್ನು ಮಾಡಿದ ರೆಕ್ಸ್ ಸ್ಮಿತ್ ಎಂಬ ನಟ 1989ರ ಟೆಲಿವಿಷನ್ ಚಿತ್ರವೊಂದರಲ್ಲಿ ‘ಡೇರ್‌ಡೆವಿಲ್’ ಎಂಬ ಪ್ರಸಿದ್ಧ ಮುಸುಕುವೀರನ ಪಾತ್ರವನ್ನೂ ವಹಿಸಿದ. ನಾರ್ಮನ್ ಆದವನು ಜೋ ರೆಗಲ್‌ಬುಟೋ. ಶೀರ್ಷಿಕೆಯ ಸಂಗೀತವನ್ನು ಕೊಟ್ಟವರು ‘ಟ್ಯಾಂಜರಿನ್ ಡ್ರೀಮ್’ ಎಂಬ ಜರ್ಮನಿಯ ವಾದ್ಯತಂಡದವರು. ಮುಂದೆ ಜಗತ್ಪ್ರಸಿದ್ಧನಾದ ಜಾರ್ಜ್ ಕ್ಲೂನಿ ಆಗಿನ್ನೂ ಯಾರೂ ಅರಿಯದ ತರುಣ. ಒಂದು ಕಂತಿನಲ್ಲಿ ಅವನೂ ಬಂದುಹೋಗುತ್ತಾನೆ.

ನಮ್ಮ ದೇಶಕ್ಕೆ ಈ ವೀರ ದೂರದರ್ಶನದ ಮೂಲಕ 1990ರ ದಶಕದ ಆರಂಭದಲ್ಲಿ ಬಂದ. ಹುಟ್ಟಿದೂರಿನಲ್ಲಿ ಅವನು ಸತ್ತು ಆಗಲೇ ವರ್ಷಗಳು ಕಳೆದಿದ್ದವು. ತೀರಿಹೋದವರ ಕಾಗದ ಅಂಚೆಯಲ್ಲಿ ತಡವಾಗಿ ಬಂದು ಕೈಸೇರಿದಂತೆ ಅವನು ನಮ್ಮ ಮನೆಗಳನ್ನು ಸೇರಿದ. ನಾವಾದರೋ ಜಯನಗರದ ಮಕ್ಕಳು. 1948ರಲ್ಲಿ ರಾಜಾಜಿಯವರ ಕೈಯಿಂದ ಶಂಕುಸ್ಥಾಪನೆಯಾದ ಬಡಾವಣೆ ಅದು. ಬ್ಲಾಕು, ಮೇನು, ಕ್ರಾಸು ಎಂದು ಲೆಕ್ಕದ ಪುಸ್ತಕದಂತೆ ಗೆರೆ ಎಳೆದು ಕಟ್ಟಿದ ಊರು. ನೇರವಾದ ಬೀದಿಗಳು, ಎರಡೂ ಕಡೆ ಹೊಂಗೆ, ಗುಲ್‌ಮೊಹರು. ಸಂಜೆಯ ಹೊತ್ತು ಒಳಗಿನ ಕ್ರಾಸುಗಳಲ್ಲಿ ವಾಹನವೊಂದು ಬಂದರೆ ಆಟ ನಿಲ್ಲಿಸಿ ‘ಯಾರ ಮನೆಗೆ?’ ಎಂದು ನೋಡುವ ಕಾಲ. ಬೀದಿಯ ಗಿಡುಗನಿಗೆ ಇದಕ್ಕಿಂತ ತಕ್ಕ ಬೀದಿ ಎಲ್ಲಿ ಸಿಕ್ಕೀತು?

ಆದರೆ ಒಂದು ತೊಡಕಿತ್ತು. ವೀರನು ಆಡುತ್ತಿದ್ದುದು ಇಂಗ್ಲಿಷು. ಅದೂ ಅಮೆರಿಕದವರ ಇಂಗ್ಲಿಷು. ಬಾಯಲ್ಲಿ ಬಿಸಿ ಅವರೆಕಾಳು ಇಟ್ಟುಕೊಂಡವರ ಹಾಗೆ. ನಮ್ಮ ಓಣಿಯ ಮಕ್ಕಳಲ್ಲಿ ಕೆಲವರು ಕನ್ನಡ ಶಾಲೆಗೆ ಹೋಗುವವರು. ಕಾನ್ವೆಂಟಿಗೆ ಹೋಗುವವರಿಗೂ ಆ ಮಾತು ಕಾಲುಭಾಗಕ್ಕಿಂತ ಹೆಚ್ಚು ತಿಳಿಯುತ್ತಿರಲಿಲ್ಲ. ಟೆಲಿವಿಷನ್ ಇದ್ದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಮಂದಿ ಕೂರುತ್ತಿದ್ದೆವು. ಹಿಂದೆ ಗೋಡೆಗೊರಗಿ ನಮ್ಮ ಅಜ್ಜಿ. ‘ಏನಂದನೋ ಅವನು?’ ಎಂದು ಅವರು ಕೇಳುವರು. ಉತ್ತರ ಕೊಡದಿದ್ದರೆ ಮರ್ಯಾದೆಗೆ ಕಡಿಮೆ; ಕೊಡೋಣವೆಂದರೆ ತಿಳಿದಿಲ್ಲ. ಆಗ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆವು. ‘ಬೇಡ ಕಣೋ, ಎಂಜಿನ್ ಕಾದಿದೆ ಅಂತಾನೆ ಅಜ್ಜಿ.’ ‘ಇಲ್ಲ ಅಜ್ಜಿ, ಸೇತುವೆ ಮುರಿದಿದೆ ಅಂತಾನೆ.’ ಒಂದೇ ದೃಶ್ಯಕ್ಕೆ ಮೂರು ಕತೆ. ಅಜ್ಜಿ ಎಲ್ಲವನ್ನೂ ಕೇಳಿ ತಮ್ಮದೇ ತೀರ್ಮಾನ ಹೇಳಿದರು: ‘ಗಾಡಿ ಮೇಲಿರೋನು ಹನುಮಂತ, ಒಳಗೆ ಕೂತೋನು ಜಾಂಬವಂತ. ಇವನ ಶಕ್ತಿ ಇವನಿಗೆ ಗೊತ್ತಿಲ್ಲ, ಅವನು ಹೇಳಿಕೊಡಬೇಕು.’ ರಾಗಿಗುಡ್ಡದ ಆಂಜನೇಯನ ನೆರೆಯಲ್ಲಿ ವಾಸಿಸುವವರಿಗೆ ಇಂಥ ಅರ್ಥ ಹೊಳೆದುದು ಸಹಜವೇ. ಆ ಧಾರಾವಾಹಿಯ ವಿಷಯದಲ್ಲಿ ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಈವರೆಗೆ ಕೇಳಿಲ್ಲ.

ಹೀಗೆ ಕೆಲವು ವಾರ ನಡೆದು, ಒಂದು ವಾರ ಅವನು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆ ಹೊತ್ತಿಗೆ ಬೇರೇನೋ ಬಂತು. ಕತೆಗೆ ಮುಕ್ತಾಯವೆಂಬುದು ಇರಲಿಲ್ಲ; ಜೆಸ್ಸಿ ತನ್ನ ಗುಟ್ಟನ್ನು ಹೊರಗೆ ಹೇಳಲಿಲ್ಲ, ಅವನನ್ನು ಹಿಡಿಯಬೇಕೆಂದಿದ್ದ ಮೇಲಧಿಕಾರಿಗೆ ಅವನು ಸಿಕ್ಕಲೂ ಇಲ್ಲ. ಮಾಡಿದವರೇ ನಡುವಿನಲ್ಲಿ ಕೈಬಿಟ್ಟ ಕತೆ ಅದೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದಿಗೆ ನಮಗೆ ತೋರಿದ್ದು ಇಷ್ಟೇ: ಇನ್ನು ಮುಂದಿನದನ್ನು ನಾವೇ ನಡೆಸಬೇಕು.

ನಡೆಸಿದೆವು. ಗಂಟೆಯ ಬಾಡಿಗೆಗೆ ತಂದ ಸೈಕಲ್ಲು ಕಪ್ಪು ವಾಹನವಾಯಿತು. ಚಕ್ರದ ಕಡ್ಡಿಗಳಿಗೆ ತಾಗುವಂತೆ ರಟ್ಟಿನ ಚೂರೊಂದನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಎಂಜಿನ್ನಿನ ಸದ್ದು. ಸೀಟಿಗೆ ಕಾಲು ನಿಲುಕದವರು ಒಳಪೆಡಲಿನಲ್ಲೇ 300 ಮೈಲಿ ವೇಗವನ್ನು ಸಾಧಿಸುತ್ತಿದ್ದರು. ಸೈಕಲ್ ಒಂದೇ, ಮಕ್ಕಳು ಅನೇಕ. ಆದುದರಿಂದ ಜೆಸ್ಸಿಗಿಂತ ನಾರ್ಮನ್‌ನ ಸ್ಥಾನಕ್ಕೆ ಹೆಚ್ಚು ಮಂದಿ ಬೇಕಾದರು. ಕಾಂಪೌಂಡಿನ ಮೇಲೆ ಸ್ಲೇಟು ಹಿಡಿದು ಕುಳಿತು, ‘ಏಳನೇ ಮೇನಿನಲ್ಲಿ ಹಾಲಿನ ವ್ಯಾನು ಬರ್ತಿದೆ, ಎಡಕ್ಕೆ ತಿರುಗು!’ ಎಂದು ಕೂಗುವುದು ಅವರ ಕೆಲಸ. ನಮ್ಮ ಗುಂಪಿನ ಅತ್ಯುತ್ತಮ ನಾರ್ಮನ್ ಒಬ್ಬ ಹುಡುಗಿ. ಓಣಿಯ ಪ್ರತಿಯೊಂದು ಗೇಟು, ಪ್ರತಿಯೊಂದು ನಾಯಿ ಅವಳಿಗೆ ಗೊತ್ತು. ಹೆಣ್ಣುಮಕ್ಕಳಿಗೆ ಸೈಕಲ್ ಕೊಡಬಾರದೆಂದು ಮೊದಲು ಗಂಡುಹುಡುಗರ ವಾದ. ಎರಡು ದಿನ ಅವಳು ಕಾಂಪೌಂಡಿನಿಂದ ಇಳಿದುಹೋದದ್ದೇ ತಡ, ಆಟ ಕೆಟ್ಟಿತು. ಮೂರನೆಯ ದಿನ ಸೈಕಲ್ಲು ಅವಳ ಕೈಗೆ ಬಂತು. ವೀರನು ಹಿಡಿದ ಕಳ್ಳರೂ ನಮ್ಮವರೇ: ಚಪ್ಪಲಿ ಕದಿಯುವವನು, ನಲ್ಲಿಯ ನೀರನ್ನು ತಿರುಗಿಸಿಕೊಳ್ಳುವವನು, ಚೆಂಡು ಕೊಡದ ಮನೆಯಾತ. ಅಮೆರಿಕದವರು 13ಕ್ಕೆ ನಿಲ್ಲಿಸಿದುದನ್ನು ನಾವು ಬಹುಶಃ ನೂರಕ್ಕೆ ತಲುಪಿಸಿದ್ದೇವೆ. ಮತ್ತು ಆ ನೂರೂ ಕನ್ನಡದಲ್ಲಿದ್ದವು.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ಮಕ್ಕಳ ಕತೆಯ ಬೆಲೆಯನ್ನು ಅದು ನಡೆಯುವಾಗ ಎಷ್ಟು ಮಂದಿ ನೋಡಿದರು ಎಂಬುದರಿಂದ ಅಳೆಯಬಾರದು. ಅದು ನಿಂತ ಮೇಲೆ ಮಕ್ಕಳು ಏನು ಮಾಡಿದರು ಎಂಬುದರಿಂದ ಅಳೆಯಬೇಕು. ನಿಲ್ಲದ ಕತೆಗೆ ಈ ಪರೀಕ್ಷೆಯೇ ಇಲ್ಲ. ಇಂದಿನ ಮಗುವಿನ ಕೈಯಲ್ಲಿ ಫೋನಿದೆ. ಒಂದು ಕಂತು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಬರುತ್ತದೆ. ಊಟದ ಎಲೆಯಲ್ಲಿ ಅನ್ನ ಮುಗಿಯುವ ಮುನ್ನವೇ ಬಡಿಸುತ್ತಲೇ ಇದ್ದರೆ ಉಣ್ಣುವವನಿಗೆ ಹಸಿವು ಯಾವಾಗ, ಅರಗುವುದು ಯಾವಾಗ? ಕತೆಯನ್ನು ಕೇಳುವುದು ಒಂದು ಸುಖವಾದರೆ ಅದನ್ನು ಮುಂದುವರಿಸುವುದು ಇನ್ನೊಂದು ಸುಖ. ಎರಡನೆಯದಕ್ಕೆ ಬಿಡುವು ಬೇಕು.

‘ಹಳೆಯದೆಲ್ಲ ಹೊನ್ನು ಎನ್ನುವ ಮಾತು ಇದು’ ಎಂದು ಯಾರಾದರೂ ನಕ್ಕಾರು. ನನ್ನ ವಾದ ಅದಲ್ಲ. ಆ ಕಂತುಗಳನ್ನು ಇತ್ತೀಚೆಗೆ ಕಂಪ್ಯೂಟರಿನಲ್ಲಿ ಮತ್ತೆ ನೋಡಿದೆ. ಸಾಧಾರಣವಾದ ಕೃತಿ. ಕಳ್ಳರೆಲ್ಲ ಒಂದೇ ಅಚ್ಚಿನವರು. ವಾಹನವೂ ಹೋಂಡಾ ಬೈಕಿಗೆ ಕಪ್ಪು ಕವಚ ತೊಡಿಸಿದ್ದು. ಮಹಾವೇಗವೆಂಬುದು ಚಿತ್ರವನ್ನು ಬೇಗಬೇಗ ಓಡಿಸಿದುದರ ಫಲ. ತಂತ್ರದಲ್ಲಿ ಇಂದಿನ ಮಕ್ಕಳು ನೋಡುವುದು ಇದಕ್ಕಿಂತ ನೂರು ಪಾಲು ಮೇಲು. ತರಗತಿಯಲ್ಲಿ ಒಮ್ಮೆ ಇದರ ಪ್ರಸ್ತಾಪ ಬಂದಾಗ, ‘ಯಾವ ಓಟಿಟಿಯಲ್ಲಿದೆ ಸಾರ್?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಹುಡುಕಿ ನೋಡಿದರೆ ಅವನಿಗೆ ನಿರಾಶೆಯಾದೀತು. ನಾನು ಮೆಚ್ಚಿಕೊಂಡದ್ದು ಆ ಕೃತಿಯನ್ನಲ್ಲ, ಅದು ನಮಗೆ ಬಿಟ್ಟುಕೊಟ್ಟ ಜಾಗವನ್ನು.

ಆದರೆ ಈ ಮೆಚ್ಚುಗೆಯೊಳಗೇ ಒಂದು ಕೊರಗೂ ಇದೆ. ನಮ್ಮ ವೀರನಿಗೆ ಕನ್ನಡವನ್ನು ನಾವೇ ಕಲಿಸಬೇಕಾಯಿತು. ಅವನಿಗೆ ಮೊದಲು ಕಾಮಿಕ್ಸಿನ ಫ್ಯಾಂಟಮ್, ಮಾಂಡ್ರೇಕರು ಇಂದ್ರಜಾಲ ಕಾಮಿಕ್ಸಿನ ಮೂಲಕ ಕನ್ನಡದಲ್ಲಿ ಮಾತಾಡಿದ್ದರು. ಅಷ್ಟೇಕೆ, ದೇಶಕ್ಕೆಲ್ಲ ಪ್ರಸಿದ್ಧವಾದ ಅಮರ ಚಿತ್ರಕಥೆ ಹುಟ್ಟಿದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಯೋಚನೆಯಿಂದ ಮೊದಲ ಪುಸ್ತಕಗಳು ಕನ್ನಡದಲ್ಲಿ ಹೊರಬಂದವು, ಕೃಷ್ಣನ ಕತೆ ಇಂಗ್ಲಿಷಿನಲ್ಲಿ ಬಂದದ್ದು ಆಮೇಲೆ. ಕಾಗದದ ಮೇಲೆ ಇಷ್ಟು ಮುಂದಿದ್ದ ನಾವು ಟೆಲಿವಿಷನ್ನಿನ ಪರದೆಯ ಮೇಲೆ ಹಿಂದೆ ಬಿದ್ದೆವು. 1997ರಲ್ಲಿ ಬಂದು 2005ರವರೆಗೆ ಬಾಳಿದ ‘ಶಕ್ತಿಮಾನ್’ ಆಡಿದ್ದು ಹಿಂದಿಯನ್ನು. 1980ರ ದಶಕದ ‘ಮಾಲ್ಗುಡಿ ಡೇಸ್’ ಅನ್ನೇ ನೋಡಿ. ನಿರ್ದೇಶಕ ಶಂಕರ್ ನಾಗ್, ಚಿತ್ರೀಕರಣ ಆಗುಂಬೆಯಲ್ಲಿ, ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಮನೆಯವರೆಲ್ಲ ಕನ್ನಡಿಗರು, ಆಡಿದ ಮಾತು ಮಾತ್ರ ಹಿಂದಿ, ಇಲ್ಲವೆ ಇಂಗ್ಲಿಷು. ಸ್ವಾಮಿ ಟೆಲಿವಿಷನ್ನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಲು ನಮ್ಮ ಮನೆಗಳು 2020ರವರೆಗೆ ಕಾಯಬೇಕಾಯಿತು.

ಇದರ ಹಿಂದೆ ಒಂದು ಇತಿಹಾಸವಿದೆ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರು ಹೋರಾಡಿದರು. ಅಂದು ಕನ್ನಡ ಚಿತ್ರರಂಗ ಎಳೆಯ ಸಸಿ; ಅದಕ್ಕೆ ಬೇಲಿ ಬೇಕಿತ್ತು. ಬೇಲಿಯಿಂದ ಸಸಿಗೆ ಒಳ್ಳೆಯದಾಯಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಮರವಾದ ಮೇಲೂ ಬೇಲಿ ಉಳಿದರೆ ಅದರ ನೆರಳಿಗೆ ಬರಬೇಕಾದ ಮಕ್ಕಳು ಹೊರಗೆ ನಿಲ್ಲಬೇಕಾಗುತ್ತದೆ. 2012ರಲ್ಲಿ ‘ಸತ್ಯಮೇವ ಜಯತೇ’ ಎಂಬ ಕಾರ್ಯಕ್ರಮ ನೆರೆಯ ಭಾಷೆಗಳಲ್ಲೆಲ್ಲ ಬಂದು ಕನ್ನಡ ವಾಹಿನಿಗೆ ಮಾತ್ರ ಬರಲಾಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂಥ ತಡೆ ಸಲ್ಲದೆಂದು ತೀರ್ಪು ಕೊಟ್ಟಿತು. ಇದಕ್ಕೆ ಮುಂಚೆಯೇ 2009ರಲ್ಲಿ ಚಿಂಟು ಟಿವಿ ಎಂಬ ಮಕ್ಕಳ ವಾಹಿನಿ ಬಂದು, ಪರದೇಶದ ಕಾರ್ಟೂನುಗಳು ಕನ್ನಡವಾಡಿದ್ದವು. ನಮ್ಮ ಓಣಿಯ ಮಕ್ಕಳಿಗೆ ಅದು ಹದಿನೆಂಟು ವರ್ಷ ತಡವಾಯಿತು.

ಇಲ್ಲಿ ಓದುಗರಿಗೆ ಒಂದು ಸಂದೇಹ ಹುಟ್ಟಬಹುದು. ಭಾಷೆ ತಿಳಿಯದೆ ಹೋದದ್ದರಿಂದಲೇ ತಾನೆ ನೀವು ಕತೆ ಕಟ್ಟಿದಿರಿ? ತಿಳಿದಿದ್ದರೆ ಸುಮ್ಮನೆ ನೋಡಿ ಏಳುತ್ತಿದ್ದಿರಲ್ಲವೆ? ಪ್ರಶ್ನೆ ಜಾಣತನದ್ದೇ. ಆದರೆ ಹಸಿದವನು ಗೆಡ್ಡೆಗೆಣಸು ಹುಡುಕಿಕೊಂಡನೆಂದು ಹಸಿವನ್ನು ಹೊಗಳಲಾಗದು. ನಮ್ಮ ನಡುಮನೆಯಲ್ಲಿ ಕುಳಿತ ಹನ್ನೆರಡು ಮಂದಿಯಲ್ಲಿ ಬಾಯಿ ಬಿಟ್ಟು ಅರ್ಥ ಹೇಳಿದವರು ಮೂರು ನಾಲ್ಕು ಮಂದಿ. ಉಳಿದವರು, ‘ಇದು ಇಂಗ್ಲಿಷ್ ಬಲ್ಲವರ ವೀರ, ನಮ್ಮವನಲ್ಲ’ ಎಂದು ತೆಪ್ಪಗಿದ್ದರು. ಮಕ್ಕಳಿಗೆ ಕತೆಯಲ್ಲಿ ಬಿಡುವು ಬೇಕು, ಆದರೆ ಭಾಷೆಯಲ್ಲಿ ಬೇಡ. ಕತೆ ಅರ್ಧಕ್ಕೆ ನಿಂತರೆ ಮಗು ಅದನ್ನು ಮುಂದುವರಿಸುತ್ತದೆ. ಮಾತೇ ತನ್ನದಲ್ಲವೆಂದಾಗ ತನ್ನನ್ನೇ ಕಡಿಮೆ ಎಂದು ಎಣಿಸಿಕೊಳ್ಳುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಆಗಬೇಕಾದುದೇನು? ಡಬ್ಬಿಂಗು ಬರಲಿ, ಒಳ್ಳೆಯದೇ. ಆದರೆ ಲಾಸ್ ಏಂಜಲೀಸಿನ ವೀರನಿಗೆ ನಮ್ಮ ಮಾತು ಬಂದ ಮಾತ್ರಕ್ಕೆ ನಮ್ಮ ಬೀದಿ ಗೊತ್ತಾಗುವುದಿಲ್ಲ. ನೆರೆಯ ಕೇರಳದವರು 2021ರಲ್ಲಿ ‘ಮಿನ್ನಲ್ ಮುರಳಿ’ ಎಂಬ ಚಿತ್ರ ಮಾಡಿದರು. ಅವರ ವೀರ ಹಳ್ಳಿಯ ಒಬ್ಬ ದರ್ಜಿ, ಸಿಡಿಲು ಬಡಿದು ಶಕ್ತಿ ಬಂದವನು, ಉಟ್ಟದ್ದು ಪಂಚೆ. ಅದನ್ನು ಲೋಕವೆಲ್ಲ ನೋಡಿತು. ದರ್ಜಿಗಳು ನಮ್ಮಲ್ಲಿಯೂ ಇದ್ದಾರೆ, ಸಿಡಿಲು ನಮ್ಮಲ್ಲಿಯೂ ಬಡಿಯುತ್ತದೆ. ನಮಗೆ ಬೇಕಾದುದು ಕನ್ನಡದ ಒಬ್ಬ ವೀರ, 13 ಕಂತು. ಹದಿನಾಲ್ಕನೆಯದು ಬೇಡ. ಅವನ ಊರು ಈ ನಮ್ಮ ದಕ್ಷಿಣ ಬೆಂಗಳೂರೇ ಆಗಲಿ. 2024ರಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ ಎರಡು ಅಂತಸ್ತಿನ ಸೇತುವೆ ತೆರೆಯಿತು. 2025ರಲ್ಲಿ ಅದರ ಮೇಲಿನ ಅಂತಸ್ತಿನಲ್ಲಿ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ನಿಮಿಷಕ್ಕೆ 8 ಕಿಲೋಮೀಟರು ಓಡುವ ವೀರನೂ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾಲೂರಿ ನಿಲ್ಲಬೇಕಾದೀತು. ಅಲ್ಲಿಂದಲೇ ಕತೆ ಮೊದಲಾಗಲಿ. ಬಿಟಿಎಂ ಬಡಾವಣೆಯಲ್ಲಿ ಊಟದ ಪೊಟ್ಟಣ ತಲುಪಿಸುವ ಹುಡುಗನೋ, ಬನಶಂಕರಿಯ ಸಂತೆಯಲ್ಲಿ ಹೂ ಮಾರುವ ಹೆಂಗಸೋ ವೀರರಾಗಲಿ. ಫೋನು ಹಿಡಿದು ದಾರಿ ಹೇಳುವ ನಾರ್ಮನ್ ಯಾರ ಮನೆಯ ಅಜ್ಜಿಯಾದರೂ ಆಗಲಿ.

ಇದನ್ನು ಮಾಡುವವರು ಯಾರು ಎಂದರೆ, ದೊಡ್ಡ ವಾಹಿನಿಗಳ ಕಡೆಗೆ ನಾನು ಬೆರಳು ತೋರಿಸುವುದಿಲ್ಲ. ಸಾವಿರ ಕಂತಿನ ವ್ಯಾಪಾರದವರಿಗೆ 13ರ ಲೆಕ್ಕ ಹಿಡಿಸದು. ಆದರೆ ನಮ್ಮ ಕಾಲೇಜುಗಳ ಮಕ್ಕಳ ಕೈಯಲ್ಲಿರುವ ಫೋನುಗಳು 1985ರ ಆ ಕ್ಯಾಮೆರಾಗಳಿಗಿಂತ ಹಗುರ, ಅಗ್ಗ. ಕನ್ನಡವೋ, ಮನೆಯಲ್ಲೇ ಸಿಕ್ಕುವ ಸರಕು. ಕನ್ನಡ ಎಂ.ಎ. ಓದುವವರು ಸಂಭಾಷಣೆ ಬರೆಯಲಿ. ಇತಿಹಾಸದವರು ಊರಿನ ಕತೆ ಹುಡುಕಲಿ. ಅರ್ಥಶಾಸ್ತ್ರದವರು ಖರ್ಚಿನ ಲೆಕ್ಕವಿಡಲಿ. ಬಡಾವಣೆಗಳ ಪಾರ್ಕಿನಲ್ಲಿ ಬೆಳ್ಳನೆಯ ಬಟ್ಟೆ ಕಟ್ಟಿ, ವಾರಕ್ಕೊಂದರಂತೆ ಮಕ್ಕಳಿಗೆ ತೋರಿಸಲಿ. ಹದಿಮೂರನೆಯ ವಾರ ಬಟ್ಟೆ ಬಿಚ್ಚಿ ಮಡಿಸಿ ಮನೆಗೆ ಒಯ್ಯಲಿ.

‘ಮುಂದೇನಾಯ್ತು?’ ಎಂದು ಮಕ್ಕಳು ಕೇಳುತ್ತಾರೆ. ಆಗ ಯಾರೂ ಉತ್ತರ ಹೇಳಬಾರದು. ಹದಿನಾಲ್ಕನೆಯ ಕಂತು ಅವರ ಪಾಲಿನದು; ಅದಕ್ಕಾಗಿ ಬೀದಿಯಲ್ಲಿ ಸ್ವಲ್ಪ ಜಾಗವನ್ನೂ ಸಂಜೆಯಲ್ಲಿ ಸ್ವಲ್ಪ ಹೊತ್ತನ್ನೂ ಬಿಟ್ಟುಕೊಡುವುದು ಮಾತ್ರ ದೊಡ್ಡವರಾದ ನಮ್ಮ ಕೆಲಸ.